ನಗುಮೊಗದ ಅಕ್ಷರ

ಮನುಷ್ಯನ ದನಿಗೆ ಭಾವವಿರುವಂತೆ ಅಕ್ಷರದ ಆಕಾರಕ್ಕೂ ಒಂದು ಭಾವವುಂಟು. ವಿಠ್ಠಲವಾಡಿಯ ಪೇಟೆಯ ಹಲಗೆಗಳಲ್ಲಿ ಕೆಲವು ಗಂಭೀರವಾಗಿ ನಿಲ್ಲುತ್ತವೆ; ಕೆಲವು ನಗುನಗುತ್ತ ಕರೆಯುತ್ತವೆ.

ಕನ್ನಡಕ್ಕೂ ಅಂತಹ ನಗುಮೊಗದ ಅಕ್ಷರವೊಂದು ನೆರೆಯ ಮುಂಬಯಿಯಲ್ಲಿಯೇ ರೂಪುಗೊಂಡಿತೆಂಬುದು ಸಂತೋಷದ ಸಂಗತಿ. ‘ಏಕ್ ಟೈಪ್’ ಎಂಬ ಸಂಸ್ಥೆ ರಚಿಸಿದ ಇದರ ಹೆಸರು ‘ಬಾಲೂ ತಮ್ಮ’. ಬಾಲೂ ಎಂದರೆ ಕಿಪ್ಲಿಂಗನು 1894ರಲ್ಲಿ ಪ್ರಕಟಿಸಿದ ‘ಜಂಗಲ್ ಬುಕ್’ ಕೃತಿಯ ಕರಡಿ. ಇದೇ ಕುಟುಂಬದ ತಮಿಳು ಅಕ್ಷರ ‘ತಂಬಿ’, ಮಲಯಾಳದ್ದು ‘ಚೇಟ್ಟನ್’, ಗುಜರಾತಿಯದು ‘ಭಾಯಿ’, ಎಲ್ಲರೂ ಸೋದರರೇ! ಇದರ ದಪ್ಪ ಮೈ, ದುಂಡು ಅಂಚುಗಳು ಹಳೆಯ ಕಾಲದ ಕುಂಚದ ಬರಹವನ್ನು ನೆನಪಿಗೆ ತರುತ್ತವೆ.

ಆದರೆ ಕನ್ನಡ ಅಕ್ಷರವನ್ನು ದಪ್ಪಗೊಳಿಸುವುದು ಸುಲಭದ ಕೆಲಸವಲ್ಲ. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಕೆಳಭಾಗದ ಒಂದು ಸಣ್ಣ ಸೀಳು. ಗೆರೆ ಉಬ್ಬಿ ಆ ಸೀಳು ಮುಚ್ಚಿತೆಂದರೆ ‘ಧನ’ವು ‘ದನ’ವಾದೀತು! ಒತ್ತಕ್ಷರಗಳಿಗೆ ಸಾಲಿನ ಕೆಳಗೂ ಎಡೆ ಬೇಕು. ಆದುದರಿಂದ ಅಕ್ಷರ ರಚಿಸುವವರು ಗೆರೆಯಷ್ಟೇ ಗಮನವನ್ನು ಗೆರೆಗಳ ನಡುವಣ ಬಿಳುಪಿಗೂ ಕೊಡಬೇಕಾಗುತ್ತದೆ.

ಇಂತಹ ದಪ್ಪ ಅಕ್ಷರ ಶೀರ್ಷಿಕೆ, ಭಿತ್ತಿಪತ್ರ, ಮುಖಪುಟಗಳಿಗೆ ಒಪ್ಪುತ್ತದೆ. ಪುಟದ ತುಂಬ ಇದನ್ನೇ ಸುರಿದರೆ ಕಣ್ಣು ದಣಿಯುತ್ತದೆ. ಊಟದೆಲೆಯಲ್ಲಿ ಉಪ್ಪಿನಕಾಯಿಗೆ ಒಂದು ಮೂಲೆ ಸಾಕಷ್ಟೆ! ಇದರ ಎರಡನೆಯ ಆವೃತ್ತಿಯಲ್ಲಿ ಗೆರೆಯ ದಪ್ಪಕ್ಕನುಗುಣವಾಗಿ 5 ಬಗೆಗಳಿರುವುದರಿಂದ ಆಯ್ಕೆಗೆ ಅವಕಾಶವುಂಟು.

ಇದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಕನ್ನಡದ ಹಲಗೆಗಳು ವಿರಳವಾದ ಈ ನಗರದಲ್ಲಿ ನಾವು ಶಾಲೆಯ ಸಮಾರಂಭಕ್ಕೆ ಬರೆಯುವ ಫಲಕವೇ ದಾರಿಹೋಕರಿಗೆ ಕಾಣುವ ಕನ್ನಡ. ಅದು ಚೆಲುವಾಗಿರಲಿ, ಅದಕ್ಕೂ ಮೊದಲು, ದೂರದಿಂದ ತಪ್ಪಿಲ್ಲದೆ ಓದುವಂತಿರಲಿ.