ಬರುವುದೋ, ಹೋಗುವುದೋ?

ಆರ್‌ಪಿಸಿ ಲೇಔಟಿನಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬ ಸ್ಪ್ಯಾನಿಷ್ ಕಲಿಯುತ್ತಿದ್ದ. ಒಂದು ಸಂಜೆ ಬಂದು, “ಮೇಷ್ಟ್ರೇ, ಇಂಗ್ಲಿಷಿನ ‘ಕಮ್’ ಎಂಬುದಕ್ಕೆ ನಿಘಂಟಿನಲ್ಲಿ ‘ಬೆನೀರ್’ ಎಂದಿದೆ. ಹಾಗೆಯೇ ಬರೆದೆ, ತಪ್ಪಂತೆ!” ಎಂದ. ಊಟಕ್ಕೆ ಕರೆದ ತಾಯಿಗೆ ಒಳಗಿನಿಂದ ಮಗ ಕೊಡುವ ಉತ್ತರವೇ ಆ ವಾಕ್ಯ.

ಕಾರಣ ಸರಳವಾದದ್ದು. ಸ್ಪ್ಯಾನಿಷಿನಲ್ಲಿ ‘ಬೆನೀರ್’ ಸಾಮಾನ್ಯವಾಗಿ ಮಾತನಾಡುವವನು ಇರುವೆಡೆಗೆ ಬರುವುದಕ್ಕೆ ಮೀಸಲು. ಅವನೇ ಕೇಳುವವರತ್ತ ಹೊರಟರೆ ‘ಈರ್’, ಎಂದರೆ ಹೋಗು. ಆದ್ದರಿಂದ ಅಲ್ಲಿಯ ಮಗ ‘ಯಾ ಬೋಯ್’, ‘ಇಗೋ ಹೋಗುತ್ತೇನೆ’ ಎನ್ನುತ್ತಾನೆ. ಇಂಗ್ಲಿಷಿನ ಮಗ ಮನಸ್ಸಿನಲ್ಲೇ ತಾಯಿಯ ಪಕ್ಕದಲ್ಲಿ ನಿಂತು ‘ಬರುತ್ತಿದ್ದೇನೆ’ ಎನ್ನುತ್ತಾನೆ. ನಮ್ಮವನೋ, ಕುಳಿತಲ್ಲಿಂದ ಏಳುವ ಮೊದಲೇ ‘ಬಂದೆ ಅಮ್ಮಾ!’ ಎಂದುಬಿಡುತ್ತಾನೆ. ಇನ್ನೂ ಆಗದ ಕಾರ್ಯಕ್ಕೆ ಭೂತಕಾಲ! ನಮ್ಮ ವ್ಯಾಕರಣದಲ್ಲಿ ಇದಕ್ಕೆ ಕಾಲಪಲ್ಲಟವೆಂದು ಹೆಸರು.

ಕಳೆದ ತಿಂಗಳು ಆ ಹುಡುಗ ಓದಿಗಾಗಿ ಸ್ಪೇನಿಗೆ ಹೊರಟ. ಹೊಸಿಲಲ್ಲಿ ನಿಂತು, “ಹೋಗ್ತೀನಿ ಅಜ್ಜಿ” ಎಂದ. ಅಜ್ಜಿಯ ಮುಖ ಸಣ್ಣಗಾಯಿತು. “ಹಾಗನ್ನಬಾರದಪ್ಪ. ಹೋಗಿ ಬರ್ತೀನಿ ಅನ್ನು” ಎಂದರು. ‘ಹೋದರು’ ಎಂದರೆ ತೀರಿಕೊಂಡರೆಂಬ ಅರ್ಥವೂ ನಮ್ಮಲ್ಲಿ ಉಂಟಷ್ಟೆ. ಹುಡುಗ ತಿದ್ದಿಕೊಂಡು, “ಬರ್ತೀನಿ ಅಜ್ಜಿ” ಎಂದು ಕಾಲಿಗೆರಗಿದ.

ಹೊರಟವನು ಆಡುವ ಈ ‘ಬರ್ತೀನಿ’ಯನ್ನು ಸ್ಪ್ಯಾನಿಷಿಗೆ ತರುವುದು ಹೇಗೆ? ‘ಬೆನೀರ್’ ಸಲ್ಲದು, ‘ಈರ್’ ಸಾಲದು. ಮರಳುವೆನೆಂಬ ಮಾತನ್ನು ಬಿಡಿಸಿಯೇ ಹೇಳಬೇಕು. ಭಾಷಾಂತರ ಮಾಡುವವರು ನಿಘಂಟು ತೆರೆಯುವ ಮುನ್ನ, ಆಡುವವನು ಎಲ್ಲಿ ನಿಂತಿದ್ದಾನೆ, ಬಾಗಿಲಲ್ಲಿ ಯಾರು ಕಾದಿದ್ದಾರೆ ಎಂಬುದನ್ನು ನೋಡಿಕೊಳ್ಳುವುದು ಲೇಸು.