ನಿಯಮಯಂತ್ರವೂ ಉತ್ಸರ್ಗಾಪವಾದನ್ಯಾಯವೂ

ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು (1076-1126) ಆಳುತ್ತಿದ್ದ ಕಾಲದಲ್ಲಿ ಕಲ್ಯಾಣಪುರದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಎರಡು ಸ್ಮೃತಿವಚನಗಳು ಪರಸ್ಪರ ವಿರೋಧಿಸಿದಲ್ಲಿ ಯಾವುದು ಪ್ರಬಲವೆಂಬ ಪ್ರಶ್ನೆಯು ವ್ಯವಹಾರಾಧ್ಯಾಯದಲ್ಲಿ ಬಂದಾಗ, ಆಯಾ ವಚನದ ವಿಷಯವನ್ನು ಬೇರ್ಪಡಿಸಿ, ಉತ್ಸರ್ಗವೆಂಬ ಸಾಮಾನ್ಯವಿಧಿ ಯಾವುದು, ಅದರ ಅಪವಾದ ಯಾವುದು ಎಂಬ ನ್ಯಾಯದಿಂದ ನಿರ್ಣಯಿಸಬೇಕೆಂದು ಆತನು ವಿವರಿಸುತ್ತಾನೆ. ಆ ಕಲ್ಯಾಣಪುರವೇ ಈಗಿನ ಬಸವಕಲ್ಯಾಣ. ಅದೇ ತಾಲ್ಲೂಕಿನಲ್ಲಿ ಕೊಹಿನೂರವೆಂಬ ಗ್ರಾಮವುಂಟು. (ಹೆಸರು ಕೇಳಿದೊಡನೆ ವಜ್ರವನ್ನು ನೆನೆಯುವವರು ಕ್ಷಮಿಸಬೇಕು; ಇದು ಜೋಳ ತೊಗರಿಗಳ ನಾಡು.) ಅಲ್ಲಿಯ ರೋಗಿಯೊಬ್ಬನು ಆಸ್ಪತ್ರೆಯ ಗಣಕಯಂತ್ರದ ಮುಂದೆ ನಿಂತಾಗ ಏಳುವ ಪ್ರಶ್ನೆಯೂ ವಿಜ್ಞಾನೇಶ್ವರನು ಎದುರಿಸಿದ ಜಾತಿಯದೇ.

ಕರ್ನಾಟಕ ಸರ್ಕಾರವು 2018ರ ಮಾರ್ಚಿಯಲ್ಲಿ ಆರೋಗ್ಯ ಕರ್ನಾಟಕವೆಂಬ ಯೋಜನೆಯನ್ನು ಪ್ರಾರಂಭಿಸಿ, ಅದೇ ವರ್ಷದ ಅಕ್ಟೋಬರಿನಲ್ಲಿ ಅದನ್ನು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿಸಿತು. ಆಗ ಏರ್ಪಟ್ಟ ವ್ಯವಸ್ಥೆಯ ತಿರುಳು ಇಂತಿದ್ದಿತು. ಆಹಾರ ಭದ್ರತಾ ಕಾಯಿದೆಯ ಮೇರೆಗೆ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ. ಉಳಿದವರಿಗೆ ನಿಗದಿಯಾದ ದರದಲ್ಲಿ ನೂರಕ್ಕೆ 30ರಷ್ಟು, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕುದು. ಬೇಕಾದ ಚಿಕಿತ್ಸೆಯು ಅಲ್ಲಿ ದೊರೆಯದಿದ್ದರೆ ಅಲ್ಲಿಯ ಶಿಫಾರಸು ಪತ್ರದೊಡನೆ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿ ಸೇರಿದವುಗಳಿಗೆ ಮಾತ್ರ ಪತ್ರವು ಬೇಡ.

ಇಂತಹ ನಿಯಮಗಳನ್ನು ಗಣಕದೊಳಗೆ ಇಡುವುದಕ್ಕೆ ಎರಡು ಮಾರ್ಗಗಳಿವೆ. ಒಂದು, ಕ್ರಮವಿಧಿಯ ಸಾವಿರಾರು ಸಾಲುಗಳ ನಡುವೆ ಅವನ್ನು ಹೆಣೆದುಬಿಡುವುದು. ಆಗ ಸರ್ಕಾರದ ಆದೇಶವು ಬದಲಾದಾಗಲೆಲ್ಲ ಯಂತ್ರಶಿಲ್ಪಿಯು ಆ ಹೆಣಿಗೆಯನ್ನು ಬಿಚ್ಚಬೇಕಾಗುವುದು. ನಿಯಮವನ್ನು ಮಾಡಿದ ಅಧಿಕಾರಿಗಾಗಲಿ ವೈದ್ಯನಿಗಾಗಲಿ ಒಳಗೆ ಏನಿದೆಯೆಂಬುದು ತಿಳಿಯದು. ಇನ್ನೊಂದು, ನಿಯಮಗಳನ್ನು 'ಇಂತಾದರೆ ಇಂತು' ಎಂಬ ವಾಕ್ಯರೂಪದಲ್ಲಿ ಪ್ರತ್ಯೇಕವಾಗಿಟ್ಟು, ರೋಗಿಯ ವಿವರಗಳಿಗೆ ಯಾವ ವಾಕ್ಯವು ಅನ್ವಯಿಸುವುದೆಂದು ಹುಡುಕುವ ಕೆಲಸವನ್ನು ಬೇರೊಂದು ಯಂತ್ರಾಂಗಕ್ಕೆ ವಹಿಸುವುದು. ರೂಲ್ಸ್ ಇಂಜಿನ್ ಎಂದು ಕರೆಯಲ್ಪಡುವ ಈ ಅಂಗವನ್ನು ಇಲ್ಲಿ ನಿಯಮಯಂತ್ರವೆನ್ನಬಹುದು. ಹುಡುಕಾಟವನ್ನು ಶೀಘ್ರಗೊಳಿಸುವ ಪ್ರಸಿದ್ಧ ವಿಧಾನವನ್ನು ಚಾರ್ಲ್ಸ್ ಫೋರ್ಗಿ ಎಂಬ ಅಮೆರಿಕದ ವಿದ್ವಾಂಸನು 1982ರಲ್ಲಿ ಸವಿವರವಾಗಿ ಪ್ರಕಟಿಸಿದನು. ಅದಕ್ಕೆ ಬಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ರೀಟೆ ಎಂದು ಹೆಸರು.

ಕಷ್ಟವಿರುವುದು ಹುಡುಕಾಟದಲ್ಲಲ್ಲ, ವಿರೋಧದಲ್ಲಿ. ಎದೆನೋವಿನಿಂದ ಬಿದ್ದ ಕೊಹಿನೂರದ ರೈತನೊಬ್ಬನನ್ನು ಬಂಧುಗಳು ನೇರವಾಗಿ ಕಲಬುರಗಿಯ ಖಾಸಗಿ ಆಸ್ಪತ್ರೆಗೆ ಕರೆತಂದರೆಂದು ಭಾವಿಸೋಣ. 'ಆಸ್ಪತ್ರೆಯು ಖಾಸಗಿಯಾಗಿದ್ದು ಪತ್ರವಿಲ್ಲದಿದ್ದರೆ ನಿರಾಕರಿಸು' ಎಂಬುದೊಂದು ನಿಯಮ. 'ಚಿಕಿತ್ಸೆಯು ತುರ್ತುಪಟ್ಟಿಯಲ್ಲಿದ್ದರೆ ಸ್ವೀಕರಿಸು' ಎಂಬುದಿನ್ನೊಂದು. ಎರಡೂ ಅನ್ವಯಿಸುತ್ತವೆ. ಇಂತಹ ಸಂದರ್ಭಕ್ಕಾಗಿ ಕೆಲವು ಯಂತ್ರಗಳಲ್ಲಿ ಪ್ರತಿ ನಿಯಮಕ್ಕೂ ಬಲಸೂಚಕವಾದ ಅಂಕವನ್ನು ಕೊಡಲಾಗುವುದು. ಫೋರ್ಗಿಯ ಓಪಿಎಸ್5 ಎಂಬ ಭಾಷೆಯಲ್ಲಿ ಹೊಸದಾಗಿ ತಿಳಿದುಬಂದ ಸಂಗತಿಗೆ ಹೊಂದುವ ನಿಯಮವು ಮೊದಲು. ಅದರಲ್ಲಿ ಸಮವಾದರೆ ಹೆಚ್ಚು ನಿಬಂಧನೆಗಳುಳ್ಳದ್ದು ವಿಶೇಷವೆಂದು ಗಣಿಸಲ್ಪಟ್ಟು ಗೆಲ್ಲುವುದು. ಎಣಿಸಿ ನೋಡಿದರೆ, ನಿರಾಕರಣದ ನಿಯಮದಲ್ಲಿ ನಿಬಂಧನೆಗಳು ಎರಡು, ಸ್ವೀಕಾರದ್ದರಲ್ಲಿ ಒಂದೇ. ಎಣಿಕೆಯನ್ನೇ ನೆಚ್ಚಿದರೆ ರೈತನು ಬಾಗಿಲಲ್ಲೇ ಉಳಿಯುವನು.

ವೈಯಾಕರಣರು ಇಲ್ಲಿ ಎಣಿಸುವುದಿಲ್ಲ. ಸಮಬಲದ ಎರಡು ಸೂತ್ರಗಳು ಒಂದೆಡೆ ಪ್ರಾಪ್ತವಾದರೆ ಪಾಠಕ್ರಮದಲ್ಲಿ ಮುಂದಿನದು ಪ್ರಬಲವೆಂದು ಪಾಣಿನಿಯು ವಿಧಿಸಿದ್ದರೂ, ಅಪವಾದಕ್ಕೆ ಆ ಕ್ರಮದ ಹಂಗಿಲ್ಲ. ಉತ್ಸರ್ಗಕ್ಕೆ ಬೇರೆಡೆ ಅವಕಾಶವುಂಟು. ಅಪವಾದವು ಇಲ್ಲಿ ನಡೆಯದಿದ್ದರೆ ಎಲ್ಲಿಯೂ ನಡೆಯದೆ ನಿರವಕಾಶವಾಗುವುದು, ವಿಧಿಯೇ ವ್ಯರ್ಥವಾಗುವುದು. ಪತ್ರ ಬೇಡವೆಂಬ ತುರ್ತುವಿಧಿಗೆ ಪತ್ರವಿಲ್ಲದ ರೋಗಿಯೇ ವಿಷಯ. ಪತ್ರವಿದ್ದವನಿಗೆ ಅದರ ಪ್ರಯೋಜನವೇನು? ಆದಕಾರಣ ಅದೇ ಬಾಧಕ. ಗಣಕಶಾಸ್ತ್ರವೆಲ್ಲವೂ ಅಷ್ಟಾಧ್ಯಾಯಿಯಲ್ಲಿ ಅಡಗಿದೆಯೆಂಬ ಉತ್ಸಾಹದ ಮಾತು ಇದರಿಂದ ಸಿದ್ಧವಾಗುವುದಿಲ್ಲ. ಪಾಣಿನಿಯ ಪರತ್ವವು ಸೂತ್ರದ ಸ್ಥಾನಕ್ಕೆ ಸೇರಿದ್ದು, ಯಂತ್ರದ ನೂತನತ್ವವು ಸಂಗತಿಯ ಕಾಲಕ್ಕೆ ಸೇರಿದ್ದು. ಆದರೆ ಆಸ್ಪತ್ರೆಯ ನಿಯಮಗಳಿಗೆ ಬಲಾಬಲವನ್ನು ಗೊತ್ತುಪಡಿಸುವವರು ಅಂಕಗಳನ್ನು ಹಂಚುವ ಮುನ್ನ ಪ್ರತಿ ನಿಯಮದ ಅವಕಾಶವನ್ನು ವಿಚಾರಿಸಿದರೆ ಅನೇಕ ಅನರ್ಥಗಳು ತಪ್ಪುವುವು.

ನಿಯಮಗಳನ್ನು ಪ್ರತ್ಯೇಕಿಸುವುದರಿಂದ ಇನ್ನೊಂದು ಲಾಭವುಂಟು: ಯಂತ್ರವು ಕಾರಣವನ್ನು ಹೇಳಬಲ್ಲುದು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರಚಿತವಾದ ಮೈಸಿನ್ ಎಂಬ ವ್ಯವಸ್ಥೆಯು ರಕ್ತದ ಸೋಂಕುಗಳಿಗೆ ಔಷಧವನ್ನು ಸೂಚಿಸುತ್ತಿತ್ತು. ಏಕೆ, ಹೇಗೆ ಎಂದು ವೈದ್ಯನು ಕೇಳಿದರೆ ತಾನು ಬಳಸಿದ ನಿಯಮವನ್ನು ತೋರಿಸುತ್ತಿತ್ತು. ಅದು ದಿನಬಳಕೆಗೆ ಬರಲಿಲ್ಲವಾದರೂ ಈ ಗುಣವು ಉಪೇಕ್ಷಣೀಯವಲ್ಲ. ನಿರಾಕೃತನಾದ ರೋಗಿಯ ಕೈಗೆ, ಯಾವ ಆದೇಶದ ಯಾವ ನಿಯಮದಿಂದ ನಿರಾಕರಣವಾಯಿತೆಂಬ ಚೀಟಿಯು ಕನ್ನಡದಲ್ಲಿ ಬರುವಂತಾದರೆ ಮೇಲ್ಮನವಿಗೆ ಆಧಾರವಾದರೂ ದೊರೆಯುವುದು.

ಸಂಗತಿಯೇ ತಪ್ಪಾಗಿ ದಾಖಲಾದಲ್ಲಿ ಮಾತ್ರ ಯಾವ ನ್ಯಾಯವೂ ನಡೆಯದು. ಪಡಿತರ ಚೀಟಿಯಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆಯಾಗಿ ಹೆಸರನ್ನು ಬರೆದಿದ್ದರೆ, ಅಕ್ಷರಗಳನ್ನೇ ಹೋಲಿಸುವ ಯಂತ್ರಕ್ಕೆ ಅವರು ಇಬ್ಬರು. ಮರಾಠಿ, ಉರ್ದು, ತೆಲುಗು, ಕನ್ನಡಗಳು ಬೆರೆತ ಬೀದರ ಸೀಮೆಯಲ್ಲಿ ಒಂದೇ ಹೆಸರು ನಾಲ್ಕು ಬಗೆಯಾಗಿ ಉಚ್ಚರಿಸಲ್ಪಡುವುದು. ಅಲ್ಲಿ ನಿಯಮಯಂತ್ರದ ಪಕ್ಕದಲ್ಲಿ ಊರಿನ ಭಾಷೆಗಳನ್ನು ಬಲ್ಲ ಗುಮಾಸ್ತನೊಬ್ಬನು ಕುಳಿತಿರಬೇಕು.