ಎರಡು ಹೆಬ್ಬೆರಳು, ಒಂದು ಕಡಲು

ವಸ್ತು ಎರಡಾಗಿ ಕಂಡರೆ ಕಣ್ಣು ಕೆಟ್ಟಿತೆಂದು ಗಾಬರಿಯಾಗುತ್ತದೆ. ಆದರೆ ಆರೋಗ್ಯವಂತ ಕಣ್ಣುಗಳಿಗೂ ನೋಟದ ಬಹುಪಾಲು ಸದಾ ಎರಡಾಗಿಯೇ ಇರುತ್ತದೆ. ಒಂದಾಗಿ ಕಾಣುವುದು ನಾವು ದಿಟ್ಟಿಸಿದ ವಸ್ತು ಮತ್ತು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುವವು ಮಾತ್ರ. ಇದನ್ನು ಪರೀಕ್ಷಿಸಲು ಮರವಂತೆಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಅಲ್ಲಿ ಸೌಪರ್ಣಿಕಾ ನದಿಗೂ ಕಡಲಿಗೂ ನಡುವೆ ಹಾಯುತ್ತದೆ, ಪಡುವಣಕ್ಕೆ ತಿರುಗಿದರೆ ಬಾನಂಚಿನವರೆಗೆ ಅಡ್ಡಿಯಿಲ್ಲ. ತೋಳು ಚಾಚಿ ಹೆಬ್ಬೆರಳೆತ್ತಿ, ಬಾನಂಚನ್ನೇ ದಿಟ್ಟಿಸಿ ನೋಡಬೇಕು. ಹೆಬ್ಬೆರಳು ಎರಡಾಗುತ್ತದೆ. ನಮ್ಮ ಕಣ್ಣುಪಾಪೆಗಳ ನಡುವಿನ ಅಂತರ ಸುಮಾರು 6 ಸೆಂ.ಮೀ., ಬೆರಳಿನ ಅಗಲ 2 ಸೆಂ.ಮೀ.; ಹಾಗಾಗಿ ಎರಡು ಬೆರಳುಗಳ ನಡುವೆ ಇನ್ನೆರಡು ಬೆರಳು ಹಿಡಿಸುವಷ್ಟು ಕಡಲು ಕಾಣುತ್ತದೆ. ಎರಡೂ ಗಾಜಿನಂತೆ ತೆಳು, ಏಕೆಂದರೆ ಒಂದು ಕಣ್ಣಿಗೆ ಮರೆಯಾದ ನೀರನ್ನು ಇನ್ನೊಂದು ಕಣ್ಣು ನೋಡುತ್ತಿರುತ್ತದೆ.

ಈಗ ಬಲಗಣ್ಣು ಮುಚ್ಚಿದರೆ ಮಾಯವಾಗುವುದು ಎಡಗಡೆಯ ಬೆರಳು. ಬಳಿಕ ಬೆರಳನ್ನೇ ದಿಟ್ಟಿಸಿದರೆ ಆಚೆಯ ದೋಣಿ ಎರಡಾಗುತ್ತದೆ. ಆಗ ಬಲಗಣ್ಣು ಮುಚ್ಚಿದರೆ ಹೋಗುವುದು ಬಲಗಡೆಯ ದೋಣಿ. ಇಡೀ ವಿಷಯದ ಕೀಲಿ ಇರುವುದು ಈ ಅದಲುಬದಲಿನಲ್ಲಿ. ಹತ್ತಿರದ ವಸ್ತುವಿನ ಬಿಂಬಗಳು ಅಡ್ಡಹಾಯುತ್ತವೆ, ದೂರದವು ಹಾಯುವುದಿಲ್ಲ. ಅಂದರೆ ಯಾವುದು ಈಚೆ, ಯಾವುದು ಆಚೆ ಎಂಬ ಸುದ್ದಿ ಆ ಬಿಂಬಗಳ ವ್ಯತ್ಯಾಸದಲ್ಲೇ ಅಡಗಿದೆ. ವ್ಯತ್ಯಾಸ ಸಣ್ಣದಿದ್ದರೆ ಮಿದುಳು ಅವನ್ನು ಬೆಸೆದು ಆಳವಾಗಿ ತೋರಿಸುತ್ತದೆ. ದೊಡ್ಡದಿದ್ದರೆ ಬೆಸುಗೆ ಬಿಡುತ್ತದೆ, ಆದರೂ ಹಿಂದುಮುಂದಿನ ಅರಿವು ಒಂದಿಷ್ಟು ಉಳಿಯುತ್ತದೆ.

ಹಾಗಿದ್ದರೆ ದಿನವಿಡೀ ನಮಗೇಕೆ ಎಲ್ಲವೂ ಎರಡೆರಡಾಗಿ ಕಾಣುವುದಿಲ್ಲ? ಗಮನ ಹರಿದಲ್ಲಿಗೇ ಕಣ್ಣೂ ಹರಿಯುವುದರಿಂದ. ಎರಡಾಗಿದೆಯೇ ಎಂದು ನೋಡಲು ಹೋದೊಡನೆ ಅದು ಒಂದಾಗಿಬಿಡುತ್ತದೆ! ಅಂಚಿನ ನೋಟವೋ ಮೊದಲೇ ಮಸುಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಒಂದೇ ಕಣ್ಣಿರುವವರೂ ದೂರ ಅಳೆಯುತ್ತಾರಲ್ಲ, ಎರಡು ಕಣ್ಣಿನ ಹೆಚ್ಚುಗಾರಿಕೆ ಏನು? ಮಾತು ನಿಜವೇ. ಒಂದು ಇನ್ನೊಂದನ್ನು ಮರೆಮಾಡುವುದು, ಗಾತ್ರ, ನೆರಳು, ನಾವು ಚಲಿಸಿದಾಗ ಹತ್ತಿರದ್ದು ಬೇಗ ಸರಿಯುವುದು, ಇವೆಲ್ಲ ಒಂಟಿ ಕಣ್ಣಿಗೂ ದಕ್ಕುತ್ತವೆ. ಕೊಡಚಾದ್ರಿ ಬೆಟ್ಟದಷ್ಟು ದೂರಕ್ಕೆ ಎರಡನೆಯ ಕಣ್ಣು ಹೆಚ್ಚೇನನ್ನೂ ಹೇಳಲಾರದು, 6 ಸೆಂ.ಮೀ. ಅಂತರ ಅಲ್ಲಿಗೆ ಏನೇನೂ ಸಾಲದು. ಆದರೆ ಗಂಗೊಳ್ಳಿಯಲ್ಲಿ ಹರಿದ ಬಲೆ ಹೊಲಿಯುವವರು ನೂಲನ್ನು ಸರಿಯಾದ ಕಣ್ಣಿಗೇ ತೂರಿಸಬೇಕಾದದ್ದು ತೋಳಳತೆಯೊಳಗೆ. ಅಲ್ಲಿ ಕೂದಲೆಳೆಯ ಹಿಂದುಮುಂದನ್ನೂ ಜೋಡಿ ಕಣ್ಣು ಹಿಡಿಯಬಲ್ಲುದು. ಮಿಕ್ಕ ಸುಳಿವುಗಳನ್ನು ಕಳೆದರೂ ಇದು ಉಳಿಯುತ್ತದೆ ಎಂಬುದಕ್ಕೆ ಪುರಾವೆ ಕೊಟ್ಟವರು ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್. 1838ರಲ್ಲಿ ಅವರು ಎರಡು ಕನ್ನಡಿಗಳ ಉಪಕರಣವೊಂದನ್ನು ವಿವರಿಸಿದರು. ನೆರಳುಬೆಳಕಿಲ್ಲದ ಬರಿಯ ಗೆರೆಚಿತ್ರಗಳು, ಒಂದೊಂದು ಕಣ್ಣಿಗೆ ತುಸು ಬೇರೆಬೇರೆ. ಎರಡೂ ಸೇರಿದಾಗ ಚಪ್ಪಟೆ ಹಾಳೆಯಿಂದ ಘನವಸ್ತು ಎದ್ದು ನಿಂತಿತು.

ಎಲ್ಲ ಇಬ್ಬಗೆಯೂ ನಿರಪಾಯವೆಂದು ಮಾತ್ರ ತಿಳಿಯಬಾರದು. ದಿಟ್ಟಿಸಿದ ವಸ್ತುವೇ ಎರಡಾಗಿ ನಿಂತರೆ ಅದು ಬೇರೆ ಕಥೆ. ಒಂದು ಕಣ್ಣು ಮುಚ್ಚಿದ ಮೇಲೂ ಎರಡಾಗಿಯೇ ಕಂಡರೆ ತೊಂದರೆ ಹೆಚ್ಚಾಗಿ ತೆರೆದ ಕಣ್ಣಿನೊಳಗೇ ಇರುತ್ತದೆ, ಉದಾಹರಣೆಗೆ ಪೊರೆ. ಯಾವ ಕಣ್ಣು ಮುಚ್ಚಿದರೂ ಒಂದಾದರೆ ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ಒಂದೊಂದು ಕಣ್ಣನ್ನೂ ತಿರುಗಿಸುವ 6 ಸ್ನಾಯುಗಳಲ್ಲೋ ಅವುಗಳ ನರಗಳಲ್ಲೋ ಏರುಪೇರಾಗಿರಬಹುದು; ಸಕ್ಕರೆ ಕಾಯಿಲೆಯಿಂದಲೂ ಪಾರ್ಶ್ವವಾಯುವಿನಿಂದಲೂ ಹೀಗಾಗುವುದುಂಟು. ಇದು ಇದ್ದಕ್ಕಿದ್ದಂತೆ ಶುರುವಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು.